ಮೇಜಿನ ಮೇಲೊಂದು ಕುರುಕ್ಷೇತ್ರ

ಎಂಟಡಿ ಉದ್ದದ ಒಂದು ಮೇಜು. ಅದರ ಮೇಲೆ ಹಾಸಿದ ಹಸಿರು ಬಟ್ಟೆ. ಬಟ್ಟೆಯ ಕೆಳಗೆ ನಾಲ್ಕು ಪುಸ್ತಕ ತೂರಿಸಿದರೆ ಅದೇ ಗುಡ್ಡ. ಮೇಲೆ ನೀಲಿ ಪಟ್ಟಿಯೊಂದನ್ನು ಹಾಸಿದರೆ ಅದೇ ಹೊಳೆ. ಹೊಳೆಯ ಎರಡೂ ದಡದಲ್ಲಿ ಬೆರಳುದ್ದವೂ ಇಲ್ಲದ ಸಿಪಾಯಿಗಳು ಸಾಲುಗಟ್ಟಿ ನಿಂತಿದ್ದಾರೆ. ಕೋಟಿನ ಗುಂಡಿ, ಟೋಪಿಯ ಗರಿ, ಕುದುರೆಯ ಜೀನು ಎಲ್ಲಕ್ಕೂ ಸಣ್ಣ ಕುಂಚದಿಂದ ಬಣ್ಣ ಬಳಿದಿದೆ. ಸುತ್ತ ನಿಂತವರು ಮಕ್ಕಳಲ್ಲ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕಾರ್ಖಾನೆಯಲ್ಲೋ ವಾರವಿಡೀ ದುಡಿದು ರಜೆಯ ದಿನ ಇಲ್ಲಿ ಸೇರಿದ ದೊಡ್ಡವರು. ಒಬ್ಬನ ಕೈಯಲ್ಲಿ ಅಳತೆಯ ಟೇಪು, ಇನ್ನೊಬ್ಬನ ಕೈಯಲ್ಲಿ ದಾಳ, ಮತ್ತೊಬ್ಬನ ಕೈಯಲ್ಲಿ ನಿಯಮಗಳ ಪುಸ್ತಕ. ದಾಳ ಉರುಳುತ್ತದೆ, ಒಂದು ತುಕಡಿ ಮುಂದೆ ಸರಿಯುತ್ತದೆ, ಇನ್ನೊಂದು ಹಿಮ್ಮೆಟ್ಟುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ವಾರ್‌ಗೇಮ್ ಎಂದು ಹೆಸರು; ಕನ್ನಡದಲ್ಲಿ ಯುದ್ಧಕ್ರೀಡೆ ಎನ್ನಬಹುದು. ಇಂಗ್ಲೆಂಡ್, ಅಮೆರಿಕ ಮತ್ತು ಯುರೋಪಿನ ಅನೇಕ ಊರುಗಳಲ್ಲಿ ಇದಕ್ಕೆಂದೇ ಕ್ಲಬ್ಬುಗಳಿವೆ. ನಿಜವಾಗಿ ನಡೆದ ಕಾಳಗಗಳನ್ನೇ ಆರಿಸಿಕೊಂಡು, ಅಂದಿನ ಸೇನೆಗಳನ್ನೇ ಪುಟ್ಟ ಬೊಂಬೆಗಳಲ್ಲಿ ನಿಲ್ಲಿಸಿ, ಗೆಳೆಯರು ಮತ್ತೆ ಆಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಎರಡು ಸಂಶಯಗಳು ಹುಟ್ಟುವುದು ಸಹಜ. ಬೆಳೆದವರಿಗೆ ಬೊಂಬೆಯ ಆಟವೇಕೆ ಎಂಬುದು ಒಂದು. ಸಾವಿರಾರು ಜನ ಸತ್ತ ಯುದ್ಧ ಆಟದ ವಸ್ತುವಾಗಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ, ಎರಡನೆಯದಕ್ಕೆ ಕಷ್ಟ. ಎರಡನ್ನೂ ಹುಡುಕಬೇಕಾದದ್ದು ಈ ಆಟದ ಇತಿಹಾಸದಲ್ಲೇ.

ಚದುರಂಗ ಸಾಲದಾದಾಗ

ಯುದ್ಧವನ್ನು ಹಲಗೆಯ ಮೇಲೆ ಇಳಿಸುವುದು ಭಾರತೀಯರಿಗೆ ಹೊಸ ವಿಚಾರವಲ್ಲ. ಚತುರಂಗವೆಂಬ ಹೆಸರೇ ಸೇನೆಯದು: ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳು. 7ನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಇದರ ಪ್ರಸ್ತಾಪವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ‘ಮಾನಸೋಲ್ಲಾಸ’ವು ಅರಸರ ವಿನೋದಗಳನ್ನು ಹೇಳುವಾಗ ಈ ಆಟವನ್ನೂ ಬಿಟ್ಟಿಲ್ಲ. ಪರ್ಷಿಯಾ, ಅರಬ್ ನಾಡುಗಳನ್ನು ದಾಟಿ ಅದು ಯುರೋಪನ್ನು ಸೇರಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಆದರೆ ಚದುರಂಗ ಎಷ್ಟೇ ಸೊಗಸಾದರೂ ಯುದ್ಧದಂತೆ ಇಲ್ಲ. ಅಲ್ಲಿ ಎರಡೂ ಪಕ್ಷಗಳ ಬಲ ಸಮ. ನೆಲವೆಲ್ಲ ಮಟ್ಟಸ, ಕೆಸರಿಲ್ಲ, ಕಾಡಿಲ್ಲ, ಏರಿಲ್ಲ. ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಅದೃಷ್ಟಕ್ಕೆ ಅಲ್ಲಿ ಜಾಗವೇ ಇಲ್ಲ. ನಿಜವಾದ ರಣರಂಗದಲ್ಲಿ ಈ ನಾಲ್ಕೂ ಸುಳ್ಳು.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಮುಖ್ಯನಾದವನು ಜರ್ಮನಿಯ ಬ್ರನ್ಸ್‌ವಿಕ್‌ನ ಯೋಹಾನ್ ಹೆಲ್ವಿಗ್. ಗಣಿತ ಬಲ್ಲ ಮೇಷ್ಟರು. ಡ್ಯೂಕನ ಆಸ್ಥಾನದಲ್ಲಿ ಸೇವೆಗಿದ್ದ, ಮುಂದೆ ಸೇನಾಧಿಕಾರಿಗಳಾಗಬೇಕಾದ ದೊಡ್ಡ ಮನೆತನದ ಹುಡುಗರಿಗೆ ಕಲಿಸುವುದು ಅವನ ಕೆಲಸ. 1780ರಲ್ಲಿ ಅವನು ಪ್ರಕಟಿಸಿದ ಆಟದ ಹಲಗೆಯಲ್ಲಿ 1,617 ಮನೆಗಳಿದ್ದವು. ಗುಡ್ಡಕ್ಕೆ ಒಂದು ಬಣ್ಣ, ಜೌಗಿಗೆ ಒಂದು, ನೀರಿಗೆ ಒಂದು. ಕಾಯಿಗಳು ಇನ್ನೂ ಚದುರಂಗದ ನಡೆಯನ್ನೇ ಹೋಲುತ್ತಿದ್ದವು. ಆದರೆ ನೆಲ ಮೊದಲ ಬಾರಿಗೆ ಮಾತಾಡತೊಡಗಿತ್ತು. ಬಳಿಕ ಗಿಯೋರ್ಗ್ ವೆಂಚುರಿನಿ ಎಂಬಾತ 1797ರಲ್ಲಿ ಮನೆಗಳ ಸಂಖ್ಯೆಯನ್ನು 3,600ಕ್ಕೆ ಏರಿಸಿದ. ಆಟ ನಿಜಕ್ಕೆ ಹತ್ತಿರವಾದಷ್ಟೂ ಆಡುವುದು ಕಷ್ಟವಾಯಿತು. ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

ಲೆಫ್ಟಿನೆಂಟನ ಆಟ

ಚೌಕದ ಮನೆಗಳನ್ನೇ ಕಿತ್ತೊಗೆದವರು ಪ್ರಷ್ಯದ ಒಬ್ಬ ತಂದೆ ಮತ್ತು ಮಗ. ತಂದೆ ಗಿಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಬ್ರೆಸ್ಲೌ ನಗರದ ಅಧಿಕಾರಿ. ಅವನು ಕಟ್ಟಿದ ಆಟದ ಸುದ್ದಿ ರಾಜಕುಮಾರರ ಕಿವಿಗೆ ಬಿದ್ದು, 1812ರಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್‌ಗೆ ಅಂಥದೊಂದು ಮೇಜನ್ನು ಒಪ್ಪಿಸುವ ಭಾಗ್ಯ ಸಿಕ್ಕಿತು. ಬೆಟ್ಟ, ಹೊಲ, ನದಿಗಳನ್ನು ತಿದ್ದಿದ ಬಿಲ್ಲೆಗಳನ್ನು ಬೇಕಾದ ಹಾಗೆ ಜೋಡಿಸಿ ಬೇಕಾದ ಸೀಮೆಯನ್ನು ಕಟ್ಟಬಹುದಿತ್ತು. ಅರಮನೆಯವರು ಸಂಜೆಗಳನ್ನು ಅದರ ಸುತ್ತ ಕಳೆದರು. ಆದರೆ ಅದು ಅರಮನೆಯ ಆಟವಾಗಿಯೇ ಉಳಿಯಿತು.

ಅದನ್ನು ಸೇನೆಯ ಕೈಗೆ ಕೊಟ್ಟವನು ಮಗ, ಫಿರಂಗಿ ದಳದ ಲೆಫ್ಟಿನೆಂಟ್. 1824ರಲ್ಲಿ ಅವನು ಅಚ್ಚು ಹಾಕಿಸಿದ ‘ಕ್ರೀಗ್‌ಸ್ಪೀಲ್’, ಅಂದರೆ ಯುದ್ಧದಾಟ, ಮೂರು ಹೊಸ ವಿಷಯಗಳನ್ನು ತಂದಿತು. ಒಂದು, ಬಣ್ಣದ ಹಲಗೆಯ ಬದಲು 8,000ಕ್ಕೆ 1ರ ಪ್ರಮಾಣದ ನಿಜವಾದ ಭೂಪಟ. ಎರಡು, ದಾಳ. ಇಷ್ಟು ದೂರದಿಂದ ಇಷ್ಟು ಬಂದೂಕುಗಳು ಹಾರಿದರೆ ಎಷ್ಟು ಜನ ಬಿದ್ದಾರು ಎಂಬುದನ್ನು ಗುಂಡು ಹಾರಿಸಿ ನೋಡಿದ ಲೆಕ್ಕಗಳಿಂದ ತೆಗೆದು ಪಟ್ಟಿ ಮಾಡಿದ್ದ; ಪಟ್ಟಿಯಲ್ಲಿ ಎಲ್ಲಿ ನೋಡಬೇಕೆಂದು ಹೇಳುವುದು ದಾಳದ ಕೆಲಸ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಧ್ಯಸ್ಥ. ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ಅವನಿಗೆ ಕೊಡಬೇಕು. ಎದುರಾಳಿಗೆ ಕಾಣಬಹುದಾದ ತುಕಡಿಗಳನ್ನು ಮಾತ್ರ ಅವನು ಪಟದ ಮೇಲೆ ಇಡುತ್ತಾನೆ. ಗುಡ್ಡದ ಹಿಂದಿರುವುದು ಗುಡ್ಡದ ಹಿಂದೆಯೇ ಉಳಿಯುತ್ತದೆ.

ಪ್ರಷ್ಯದ ಸೇನಾ ಮುಖ್ಯಸ್ಥನಾಗಿದ್ದ ಜನರಲ್ ಮ್ಯೂಫ್ಲಿಂಗ್ ಈ ಆಟವನ್ನು ನೋಡಲು ಬಂದಾಗ ಅವನಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲವಂತೆ. ಕಾಯಿಗಳು ಸರಿದಂತೆಲ್ಲ ಅವನ ಮುಖ ಬದಲಾಯಿತು. ಇದು ಆಟವೇ ಅಲ್ಲ, ಯುದ್ಧದ ಶಿಕ್ಷಣ ಎಂದು ಉದ್ಗರಿಸಿ, ಸೇನೆಗೆಲ್ಲ ಶಿಫಾರಸು ಮಾಡಿದ. ಆದರೆ ಲೆಫ್ಟಿನೆಂಟನಿಗೆ ಇದರಿಂದ ಸುಖವಾಗಲಿಲ್ಲ. ದೊಡ್ಡವರ ಮೆಚ್ಚುಗೆಯ ಜೊತೆಗೆ ಸಹೋದ್ಯೋಗಿಗಳ ಅಸೂಯೆಯೂ ಬಂತು. ಬರ್ಲಿನ್‌ನಿಂದ ದೂರದ ಟೋರ್ಗೌ ಕೋಟೆಗೆ ವರ್ಗವಾಯಿತು. ಅದನ್ನು ಶಿಕ್ಷೆಯೆಂದೇ ಬಗೆದ ಅವನು 1827ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ.

ಆಟ ಮಾತ್ರ ಉಳಿಯಿತು. 1866ರಲ್ಲಿ ಆಸ್ಟ್ರಿಯಾವನ್ನೂ 1870–71ರಲ್ಲಿ ಫ್ರಾನ್ಸನ್ನೂ ಪ್ರಷ್ಯ ಸೋಲಿಸಿದಾಗ, ಅದರ ಗುಟ್ಟೇನೆಂದು ಜಗತ್ತೆಲ್ಲ ಹುಡುಕಿತು. ಸಿಕ್ಕ ಉತ್ತರಗಳಲ್ಲಿ ಕ್ರೀಗ್‌ಸ್ಪೀಲ್ ಕೂಡ ಒಂದು. ಒಂದೊಂದೇ ದೇಶದ ಸೇನೆ ಅದನ್ನು ಅನುವಾದಿಸಿಕೊಂಡಿತು. 1873ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ಕ್ಲಬ್ ಹುಟ್ಟಿತು. ಸಮವಸ್ತ್ರದ ಕೋಣೆಯಿಂದ ಆಟ ಹೊರಗೆ ಕಾಲಿಟ್ಟಿತ್ತು.

ವೆಲ್ಸ್ ಮಂಡಿಯೂರಿ ಕೂತಾಗ

ಸೇನೆಯ ಆಟದಲ್ಲಿ ಸಿಪಾಯಿಗಳಿರಲಿಲ್ಲ; ಬರೀ ಚೌಕಟ್ಟು ಕಾಯಿಗಳು. ಸಿಪಾಯಿಗಳು ಬಂದದ್ದು ಮಕ್ಕಳ ಕೋಣೆಯಿಂದ. ಜರ್ಮನಿಯ ನ್ಯೂರೆಂಬರ್ಗ್‌ನ ಕುಶಲಕರ್ಮಿಗಳು 18ನೆಯ ಶತಮಾನದಲ್ಲೇ ತವರದಲ್ಲಿ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಮಾರಲು ತೊಡಗಿತು. ಸೀಸ ಕಡಿಮೆ ಬೇಕಾದ್ದರಿಂದ ಬೆಲೆಯೂ ಇಳಿಯಿತು. ಸಾಧಾರಣ ಮನೆಯ ಹುಡುಗನೂ ಒಂದು ಪಟಾಲಮ್ಮಿನ ಒಡೆಯನಾಗಬಹುದಾಯಿತು.

ಈ ಸಿಪಾಯಿಗಳ ಮೇಲೆ ಮೊದಲು ಕಣ್ಣು ಹಾಕಿದ ದೊಡ್ಡವರು ಲೇಖಕರೇ ಎಂಬುದು ತಮಾಷೆಯ ಸಂಗತಿ. ‘ಟ್ರೆಷರ್ ಐಲ್ಯಾಂಡ್’ ಖ್ಯಾತಿಯ ರಾಬರ್ಟ್ ಲೂಯಿ ಸ್ಟೀವನ್‌ಸನ್ ಆರೋಗ್ಯಕ್ಕಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ತಂಗಿದ್ದ 1881–82ರ ಸುಮಾರಿನಲ್ಲಿ, ತನ್ನ ಮಲಮಗ ಲಾಯ್ಡ್‌ನ ಜೊತೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಭೂಪಟ ಬರೆದು ದಿನಗಟ್ಟಲೆ ಯುದ್ಧ ನಡೆಸುತ್ತಿದ್ದ.

ಅವನ ಬಳಿಕ ಬಂದವನು ಎಚ್.ಜಿ. ವೆಲ್ಸ್. ಕಾಲಯಂತ್ರವನ್ನೂ ಮಂಗಳಗ್ರಹದ ದಾಳಿಯನ್ನೂ ಕಲ್ಪಿಸಿದ ಆತ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಟ್ಟ ಪುಸ್ತಕ ಬರೆದ. ಊಟವಾದ ಮೇಲೆ ಗೆಳೆಯನೊಬ್ಬ ಆಟಿಕೆಯ ಸ್ಪ್ರಿಂಗ್ ಫಿರಂಗಿಯಿಂದ ಸಿಪಾಯಿಯೊಬ್ಬನನ್ನು ಬೀಳಿಸಿದ್ದೇ ಎಲ್ಲಕ್ಕೂ ಮೂಲ ಎಂದು ಅದರಲ್ಲಿದೆ. ಆ ಗೆಳೆಯ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಎಂದು ಬಲ್ಲವರು ಗುರುತಿಸಿದ್ದಾರೆ. ಬಳಿಕ ವೆಲ್ಸ್ ನಿಯಮ ಕಟ್ಟಿದ: ಒಂದು ಸರದಿಗೆ ಇಷ್ಟೇ ನಿಮಿಷ, ಪದಾತಿ ಇಷ್ಟು ದೂರ, ಕುದುರೆ ಅದರ ಎರಡರಷ್ಟು, ಫಿರಂಗಿ ಹಾರಬೇಕಾದರೆ ಅದರ ಬಳಿ ಇಷ್ಟು ಜನ ಇರಲೇಬೇಕು. ದಾಳ ಬೇಡ, ಗುರಿಯಿಟ್ಟು ಹೊಡೆದು ಬೀಳಿಸಿದವನೇ ಜಾಣ. ಮಂಡಿಯೂರಿ, ಸೂಟು ತೊಟ್ಟೇ ಆಡುತ್ತಿರುವ ಅವನ ಚಿತ್ರ ಇಂದಿಗೂ ಪ್ರಸಿದ್ಧ.

ಆದರೆ ಈ ಪುಸ್ತಕದ ತಿರುಳು ಅದರ ಕೊನೆಯ ಪುಟಗಳಲ್ಲಿದೆ. ಅಲ್ಲಿ ವೆಲ್ಸ್ ನಗೆಯನ್ನು ಬದಿಗಿಟ್ಟು, ದೊಡ್ಡ ಯುದ್ಧ ಬಯಸುವ ದೊರೆಗಳನ್ನೂ ದೇಶಭಕ್ತಿಯ ಬಾಯಿಬಡುಕರನ್ನೂ ಇಂಥ ಒಂದು ಕೋಣೆಯೊಳಗೆ ಕೂಡಿಹಾಕಿ, ಸೀಸದ ಸಿಪಾಯಿಗಳನ್ನು ಕೈಗೆ ಕೊಡಬೇಕೆನ್ನುತ್ತಾನೆ. ನಾಲ್ಕು ಸಲ ಆಡಿದರೆ ಸಾಕು, ಯುದ್ಧವೆಂಬುದು ಎಂಥ ಗೊಂದಲದ, ಎಡವಟ್ಟಿನ ಕೆಲಸವೆಂದು ಗೊತ್ತಾಗುತ್ತದೆ ಎಂಬುದು ಅವನ ವಾದ. ಪುಸ್ತಕ ಹೊರಬಂದ ಮರುವರ್ಷವೇ, 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಹತ್ತಿಕೊಂಡಿತು. ವೆಲ್ಸ್‌ನ ಆಟ ಯಾರನ್ನೂ ತಡೆಯಲಿಲ್ಲ. ಆಟಿಕೆಯ ಸಿಪಾಯಿಗಳೊಂದಿಗೆ ಬೆಳೆದ ಹುಡುಗರು ನಿಜವಾದ ಕಂದಕಗಳಿಗೆ ಇಳಿದರು.

ಸೌತಾಂಪ್ಟನ್ನಿನ ಗೆಳೆಯರು

ಇಂದಿನ ಕ್ಲಬ್ಬುಗಳ ನೇರ ವಂಶಾವಳಿ ಆರಂಭವಾಗುವುದು ಎರಡನೆಯ ಮಹಾಯುದ್ಧದ ನಂತರ. 1957ರಲ್ಲಿ ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿ ‘ವಾರ್ ಗೇಮ್ ಡೈಜೆಸ್ಟ್’ ಎಂಬ ಸಣ್ಣ ಪತ್ರಿಕೆ ತೆಗೆದ. ಅಲ್ಲೊಬ್ಬ ಇಲ್ಲೊಬ್ಬರಂತೆ, ನೆರೆಯವರು ನಕ್ಕಾರೆಂದು ಬಾಗಿಲು ಮುಚ್ಚಿ ಆಡುತ್ತಿದ್ದವರಿಗೆ ತಾವು ಒಂಟಿಯಲ್ಲ ಎಂದು ತಿಳಿದದ್ದು ಆಗ. ಇಂಗ್ಲೆಂಡಿನ ಬಂದರು ನಗರ ಸೌತಾಂಪ್ಟನ್ನಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ (1918–2013), ಟೋನಿ ಬಾತ್ ಮೊದಲಾದ ಗೆಳೆಯರ ಗುಂಪು ಕೂಡಿತು. 1961ರಲ್ಲಿ ಅಲ್ಲೇ ಆಟಗಾರರ ಸಮ್ಮೇಳನ ನಡೆಯಿತು. 1962ರಲ್ಲಿ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಪುಸ್ತಕ ಇಂಗ್ಲೆಂಡಿನ ಗ್ರಂಥಾಲಯಗಳ ಮೂಲಕ ಒಂದು ತಲೆಮಾರಿನ ಹುಡುಗರನ್ನು ಹಿಡಿದು ಹಾಕಿತು. ಅದೇ ಹೊತ್ತಿಗೆ ಏರ್‌ಫಿಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳು ಅಂಗಡಿಗೆ ಬಂದಿದ್ದವು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಆಟವನ್ನು ಕಟ್ಟಿದವರು ಯುದ್ಧವನ್ನು ದೂರದಿಂದ ಕಂಡು ಮರುಳಾದವರಲ್ಲ. ಫೆದರ್‌ಸ್ಟೋನ್ ಟ್ಯಾಂಕ್ ದಳದಲ್ಲಿ ಇಟಲಿಯ ರಣರಂಗವನ್ನು ಕಂಡು ಬಂದವನು. ಆಮೇಲೆ ಫಿಸಿಯೋಥೆರಪಿಸ್ಟ್ ಆಗಿ ಜನರ ನೋವು ನೀಗಿ ಬದುಕಿದ. 1967ರಲ್ಲಿ ಜೆ.ಪಿ. ಲಾಫರ್ಡ್ ಜೊತೆ ಸೇರಿ ‘ಚಾರ್ಜ್!’ ಎಂಬ ನಿಯಮಾವಳಿ ಬರೆದ ಬ್ರಿಗೇಡಿಯರ್ ಪೀಟರ್ ಯಂಗ್ ಮಹಾಯುದ್ಧದ ಕಮಾಂಡೋ, ಶೌರ್ಯಪದಕಗಳನ್ನು ಗಳಿಸಿದವನು. ನಿಜವಾದ ಗುಂಡಿನ ಸದ್ದು ಕೇಳಿದವರೇ ಮೇಜಿನ ಮುಂದೆ ಕುಳಿತು ನಿಯಮ ಬರೆದದ್ದರಿಂದಲೋ ಏನೋ, ಅವರ ಆಟದಲ್ಲಿ ಒಂದು ಹೊಸ ಅಂಶ ಗಟ್ಟಿಯಾಯಿತು. ಅದೇ ಧೈರ್ಯದ ಲೆಕ್ಕ.

ಹತ್ತು ಜನರಲ್ಲಿ ಮೂವರು ಬಿದ್ದರೆ ಉಳಿದ ಏಳು ಜನ ಏನು ಮಾಡುತ್ತಾರೆ? ಚದುರಂಗದ ಕಾಲಾಳು ಪಕ್ಕದವನು ಹೋದರೂ ಅಲ್ಲೇ ನಿಂತಿರುತ್ತಾನೆ. ಮನುಷ್ಯ ಹಾಗಲ್ಲ. ಮೇಜಿನ ಮೇಲೆ ಒಂದು ತುಕಡಿಗೆ ಪೆಟ್ಟು ಬಿದ್ದಾಗ ಅದರ ಹೆಸರಿನಲ್ಲಿ ದಾಳ ಹಾಕಬೇಕು. ನುರಿತ ಪಡೆಯೇ, ಹೊಸಬರೇ? ದಳಪತಿ ಹತ್ತಿರದಲ್ಲಿದ್ದಾನೆಯೇ? ಬೆನ್ನ ಹಿಂದೆ ಶತ್ರು ಕಾಣಿಸಿಕೊಂಡಿದ್ದಾನೆಯೇ? ಒಂದೊಂದಕ್ಕೂ ಅಂಕ ಕೂಡುತ್ತದೆ ಅಥವಾ ಕಳೆಯುತ್ತದೆ. ಮೊತ್ತ ಕಡಿಮೆಯಾದರೆ ತುಕಡಿ ನಿಲ್ಲುವುದಿಲ್ಲ, ಓಡುತ್ತದೆ. ಅದನ್ನು ಕಂಡು ಪಕ್ಕದ್ದೂ ಓಡಬಹುದು. ಸೇನೆಗಳು ಕೊನೆಯ ಸಿಪಾಯಿ ಸಾಯುವವರೆಗೆ ಕಾದಾಡುವುದು ಕಥೆಗಳಲ್ಲೇ ಹೆಚ್ಚು. ಧೈರ್ಯ ಕುಸಿದ ಗಳಿಗೆಯಲ್ಲೇ ಸೋಲು ಬರುತ್ತದೆಂಬ ಪಾಠವನ್ನು ಆಟಗಾರರು ಪುಸ್ತಕ ಓದಿಯಲ್ಲ, ತಾವೇ ಬಣ್ಣ ಬಳಿದ ಪಟಾಲಮ್ಮು ಕಣ್ಣೆದುರಿಗೆ ಚೆದುರಿದಾಗ ಕಲಿತರು.

ಉಳಿದ ಲೆಕ್ಕಗಳು ಸರಳ. ಒಂದು ಬೊಂಬೆ ಇಪ್ಪತ್ತೋ ಐವತ್ತೋ ಜನರಿಗೆ ಸಮ. ಬೊಂಬೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುವ ರೂಢಿ: ದೊಡ್ಡ ಸೇನೆಯನ್ನು ಸಣ್ಣ ಮೇಜಿನಲ್ಲಿ ನಿಲ್ಲಿಸಲು 6, ಸಾಮಾನ್ಯವಾಗಿ 15 ಅಥವಾ 28, ಹಳೆಯ ಬ್ರಿಟನ್ ಸಿಪಾಯಿಗಳದ್ದು 54. 1965ರಲ್ಲಿ ಪ್ರಾಚೀನ ಯುದ್ಧಗಳ ಆಸಕ್ತರಿಗಾಗಿ ‘ಸೊಸೈಟಿ ಆಫ್ ಏನ್ಷಿಯೆಂಟ್ಸ್’ ಹುಟ್ಟಿತು. 1990ರಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ನಿಯಮಾವಳಿಯಲ್ಲಿ ಒಂದು ಸೇನೆಗೆ ಕೇವಲ ಹನ್ನೆರಡು ಘಟಕ. ಆಟ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಂಥ ಆಟಗಳ ಸೇನಾಪಟ್ಟಿಗಳಲ್ಲಿ ರೋಮನರು, ಪರ್ಷಿಯನ್ನರ ಪಕ್ಕದಲ್ಲೇ ಆನೆಗಳ ಸಮೇತ ಭಾರತದ ಸೇನೆಗಳೂ ಇವೆ.

ಆಡುವ ಹೊತ್ತಿಗಿಂತ ಸಿದ್ಧತೆಯ ಹೊತ್ತೇ ಹೆಚ್ಚು. ನೂರು ಸಿಪಾಯಿಗಳಿಗೆ ಬಣ್ಣ ಬಳಿಯಲು ತಿಂಗಳುಗಳೇ ಬೇಕು. ಆ ಪಟಾಲಮ್ಮಿನ ಕಾಲರು ಹಳದಿಯೋ ಹಸಿರೋ ಎಂದು ತಿಳಿಯಲು ಹಳೆಯ ಚಿತ್ರ, ದಿನಚರಿ, ಸೇನಾ ದಾಖಲೆಗಳನ್ನು ತಡಕಬೇಕು. ಇತಿಹಾಸದ ಪದವಿ ಇಲ್ಲದ ಎಷ್ಟೋ ಜನ ಈ ದಾರಿಯಲ್ಲಿ ಇತಿಹಾಸಕ್ಕೆ ಬಂದಿದ್ದಾರೆ. ಬೊಂಬೆಯ ಆಟವೇಕೆ ಎಂಬ ಮೊದಲ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಪೊಲ್ಲಿಲೂರು ಮೇಜಿಗೆ ಬಂದರೆ

ನಡೆದುಹೋದ ಕಾಳಗವನ್ನು ಮತ್ತೆ ಆಡಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಹೆಲ್ವಿಗ್ ತನ್ನ ಆಟವನ್ನು ಅಚ್ಚು ಹಾಕಿಸಿದ ಅದೇ 1780ರಲ್ಲಿ, ಸೆಪ್ಟೆಂಬರ್ 10ರಂದು, ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಅದುವರೆಗೆ ಅಂಥ ಸೋಲು ಕಂಡಿರಲಿಲ್ಲ.

ಬೈಲಿ ಗುಂಟೂರಿನ ಕಡೆಯಿಂದ ಬಂದು, ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋನ ಸೈನ್ಯವನ್ನು ಕೂಡಬೇಕಿತ್ತು. ಆಗಸ್ಟಿನ ಕೊನೆಯಲ್ಲಿ ಅವನು ಕೊಸಸ್ತಲೈ ಹೊಳೆಯ ದಡದಲ್ಲಿ ಒಂದು ರಾತ್ರಿ ಬೀಡುಬಿಟ್ಟ; ಬೆಳಗಾಗುವಷ್ಟರಲ್ಲಿ ಪ್ರವಾಹ ಬಂದು ದಿನಗಟ್ಟಲೆ ಅಲ್ಲೇ ಸಿಕ್ಕಿಕೊಂಡ. ಮುಂದೆ ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ಟಿಪ್ಪು ಅವನನ್ನು ತಡೆದ. ಮನ್ರೋ ಸುಮಾರು 1,000 ಜನರನ್ನು ನೆರವಿಗೆ ಕಳುಹಿಸಿದ. ಬೈಲಿಯ ಬಲ 3,800ರಷ್ಟಾಯಿತು. ಆದರೆ ಸುಮಾರು 5,000 ಜನರ ತನ್ನ ಮುಖ್ಯ ಸೇನೆಯನ್ನು ಮಾತ್ರ ಮನ್ರೋ ಕದಲಿಸಲಿಲ್ಲ; ಕಂಚಿಯಲ್ಲಿದ್ದ ದವಸಧಾನ್ಯ, ಭಾರದ ಫಿರಂಗಿಗಳ ಚಿಂತೆ ಅವನಿಗೆ. 9ರ ರಾತ್ರಿ ಬೈಲಿ ಹೊರಟ, ನಡುದಾರಿಯಲ್ಲಿ ನಿಂತ. 10ರ ಬೆಳಗ್ಗೆ ಹೈದರನ ಸೇನೆಯೂ ಬಂದು ಮುತ್ತಿತು. ಮದ್ದಿನ ಬಂಡಿಗಳು ಸಿಡಿದವು; ಸಾಲು ಒಡೆಯಿತು. ಮನ್ರೋ ಕೊನೆಗೂ ಹೊರಟು ಹೊಗೆಯನ್ನು ಕಂಡು ಕಂಚಿಗೆ ಮರಳಿದ. ಭಾರದ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿನ ಕಡೆಗೆ ಹಿಮ್ಮೆಟ್ಟಿದ. ಸೆರೆಸಿಕ್ಕ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ.

ಇದನ್ನು ಮೇಜಿಗೆ ತಂದರೆ, ಒಂದು ಬೊಂಬೆಗೆ ಐವತ್ತು ಜನರಂತೆ ಬೈಲಿಗೆ 76 ಬೊಂಬೆ, ಮನ್ರೋಗೆ 100. ಮೈಸೂರಿನ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು, ಅದರಲ್ಲೂ ಕುದುರೆಗಳು. ಪ್ರವಾಹಕ್ಕೆ ಒಂದು ದಾಳ: ಹೊಳೆ ಉಕ್ಕದಿದ್ದರೆ ಬೈಲಿ ವಾರ ಮುಂಚೆಯೇ ಕಂಚಿ ಸೇರುತ್ತಾನೆ, ಪೊಲ್ಲಿಲೂರು ಇತಿಹಾಸದಲ್ಲಿ ಇರುವುದೇ ಇಲ್ಲ. ಮದ್ದಿನ ಬಂಡಿಗೆ ಇನ್ನೊಂದು ದಾಳ. ನಡೆದದ್ದೆಲ್ಲ ಹಾಗೆಯೇ ನಡೆಯಬೇಕಿತ್ತೆಂದು ಇತಿಹಾಸದ ಪುಸ್ತಕ ಓದಿದವರಿಗೆ ಅನಿಸುತ್ತದೆ. ಎಷ್ಟು ಸಣ್ಣ ಕೀಲುಗಳ ಮೇಲೆ ಅದು ತಿರುಗಿತೆಂಬುದು ಆಡಿದವರಿಗೆ ಗೊತ್ತಾಗುತ್ತದೆ.

ಆದರೆ ಆಟದಲ್ಲಿ ಒಂದು ತೊಡಕು ಕೂಡಲೇ ಎದುರಾಗುತ್ತದೆ. ಮನ್ರೋ ಆಗಿ ಆಡುವವನು ಮೇಜನ್ನೆಲ್ಲ ನೋಡುತ್ತಿದ್ದಾನೆ. ಬೈಲಿ ಎಲ್ಲಿದ್ದಾನೆ, ಹೈದರ ಯಾವ ಕಡೆ ಸರಿದ, ಎಲ್ಲವೂ ಕಣ್ಣೆದುರಿಗೇ ಇದೆ. ಅವನು ಮೊದಲ ಸರದಿಯಲ್ಲೇ ಕಂಚಿ ಬಿಟ್ಟು ಹೊರಡುತ್ತಾನೆ! ನಿಜವಾದ ಮನ್ರೋಗೆ ಸಿಕ್ಕಿದ್ದು ತಡವಾಗಿ ಬಂದ ಚೀಟಿಗಳು, ದೂರದ ಸದ್ದು, ದಿಗಂತದಲ್ಲಿ ಹೊಗೆ. ಅವನು ಹೇಡಿಯೋ ಮೂರ್ಖನೋ ಎಂದು ತೀರ್ಪು ಕೊಡುವ ಮೊದಲು ಅವನಿಗೆ ಏನೇನು ಗೊತ್ತಿರಲಿಲ್ಲ ಎಂದು ಕೇಳಬೇಕಾಗುತ್ತದೆ. ಆದ್ದರಿಂದಲೇ ಗಂಭೀರವಾಗಿ ಆಡುವವರು ಇಂಥ ಕಾಳಗಕ್ಕೆ ಲೆಫ್ಟಿನೆಂಟ್ ರೈಸ್‌ವಿಟ್ಸ್‌ನ ಮಧ್ಯಸ್ಥನನ್ನೇ ಮತ್ತೆ ಕರೆಯುತ್ತಾರೆ. ಮನ್ರೋನನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಒಂದು ನಕ್ಷೆ ಮಾತ್ರ ಕೊಟ್ಟು, ಗಂಟೆಗೊಂದು ಚೀಟಿ ಕಳುಹಿಸುತ್ತಾರೆ. ಮೇಜಿನ ಮೇಲೆ ತರಲು ಅತ್ಯಂತ ಕಷ್ಟವಾದದ್ದು ಫಿರಂಗಿಯಲ್ಲ, ಕುದುರೆಯಲ್ಲ. ಏನೂ ತಿಳಿಯದೆ ತೀರ್ಮಾನ ಮಾಡಬೇಕಾದವನ ಕತ್ತಲೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲಿನ ಪೊಲ್ಲಿಲೂರಿನ ಚಿತ್ರವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ನೋಡುವವನಿಗೆ ಎಲ್ಲವೂ ಒಟ್ಟಿಗೇ ಕಾಣುತ್ತದೆ: ಸುತ್ತುವರಿದ ಕೆಂಪು ಕೋಟಿನವರು, ನುಗ್ಗಿ ಬರುವ ಕುದುರೆಗಳು, ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೈಲಿ. ಆ ಪಲ್ಲಕ್ಕಿಯಲ್ಲಿದ್ದವನಿಗೆ ಕಂಡದ್ದು ಹೊಗೆ ಮಾತ್ರ.

ದಾಳವನ್ನು ತಿದ್ದಿದವರು

ಈ ಕತ್ತಲೆಯನ್ನು ಪ್ರಾಮಾಣಿಕವಾಗಿ ಕಟ್ಟಿದ ಆಟವೊಂದು ಜೀವಗಳನ್ನು ಉಳಿಸಿದ್ದೂ ಇದೆ. 1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಆಹಾರ ತರುತ್ತಿದ್ದ ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಕ್ಷಯದಿಂದಾಗಿ ನೌಕಾಪಡೆಯ ಸೇವೆಯಿಂದ ನಿವೃತ್ತನಾಗಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಲಿವರ್‌ಪೂಲಿಗೆ ಕರೆಸಲಾಯಿತು. ಅವನು ಒಂದು ದೊಡ್ಡ ಕೋಣೆಯ ನೆಲವನ್ನೇ ಅಟ್ಲಾಂಟಿಕ್ ಸಾಗರ ಮಾಡಿದ. ಮಹಿಳಾ ನೌಕಾದಳದ ಯುವತಿಯರು ಸೀಮೆಸುಣ್ಣದಲ್ಲಿ ಹಡಗುಗಳ ಜಾಡು ಗುರುತಿಸುತ್ತ ಆಟ ನಡೆಸಿದರು. ಆಡುವ ನಾವಿಕರು ಪರದೆಯ ಹಿಂದೆ ನಿಂತು, ಸಣ್ಣ ಕಂಡಿಯಲ್ಲಿ ಕಂಡಷ್ಟನ್ನೇ ನೋಡಬೇಕು. ಶತ್ರುವಿನ ಜಾಡಿಗೆ ದೂರದಿಂದ ಕಾಣದ ಬಣ್ಣದ ಸೀಮೆಸುಣ್ಣ. ಆ ನೆಲದ ಮೇಲೆ ಹುಟ್ಟಿದ ಉಪಾಯಗಳು ಸಮುದ್ರದಲ್ಲಿ ಬಳಕೆಗೆ ಬಂದವು.

ಅದೇ ವರ್ಷದ ಇನ್ನೊಂದು ಆಟ ಇದಕ್ಕೆ ತದ್ವಿರುದ್ಧ. ಮಿಡ್‌ವೇ ದಾಳಿಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ‘ಯಮಾಟೋ’ ಹಡಗಿನಲ್ಲಿ ಅದನ್ನು ಆಡಿ ನೋಡಿದರು. ಮಧ್ಯಸ್ಥನ ದಾಳ ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ಒಂಬತ್ತು ಬಾಂಬು ಬಿದ್ದವೆಂದಿತು. ಆಟದ ಮುಖ್ಯಸ್ಥನಾಗಿದ್ದ ಉಗಾಕಿ ಅದನ್ನು ಮೂರಕ್ಕೆ ಇಳಿಸಿದ. ಮುಳುಗಿದ್ದ ಹಡಗು ಮುಂದಿನ ಆಟದಲ್ಲಿ ಮತ್ತೆ ತೇಲಿತು. ಯುದ್ಧ ಮುಗಿದ ಮೇಲೆ ಇದನ್ನು ಬರೆದವನು ಅದೇ ನೌಕಾಪಡೆಯ ವೈಮಾನಿಕ ಫುಚಿಡಾ. ಈ ಪ್ರಸಂಗಕ್ಕೆ ಎಷ್ಟು ತೂಕ ಕೊಡಬೇಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಜೂನ್ 4ರ ಕಾಳಗದಲ್ಲಿ ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಕ್ಲಬ್ಬಿನ ಗೆಳೆಯರ ಆಟಕ್ಕೂ ಸೇನೆಯ ಆಟಕ್ಕೂ ಇರುವ ಒಂದು ವ್ಯತ್ಯಾಸ ಇಲ್ಲಿ ಕಾಣುತ್ತದೆ. ಮೇಜಿನ ಸುತ್ತ ಯಾರೂ ಯಾರ ಮೇಲಧಿಕಾರಿಯೂ ಅಲ್ಲ. ದಾಳ ಬಿದ್ದ ಮೇಲೆ ಮುಗಿಯಿತು. ತಿದ್ದಿದವನ ಜೊತೆ ಮುಂದಿನ ವಾರ ಆಡಲು ಯಾರೂ ಬರುವುದಿಲ್ಲ. ಗೆಳೆತನವೇ ಅಲ್ಲಿನ ಮಧ್ಯಸ್ಥ.

ಪೆಟ್ಟಿಗೆಗೆ ಮರಳದವರು

ಇನ್ನು ಎರಡನೆಯ ಪ್ರಶ್ನೆ. ಸಾವನ್ನು ಆಟವಾಡಬಹುದೇ? ಕ್ಲಬ್ಬುಗಳೂ ಇದನ್ನು ಕೇಳಿಕೊಳ್ಳದೆ ಬಿಟ್ಟಿಲ್ಲ. ನೂರಿನ್ನೂರು ವರ್ಷ ಹಿಂದಿನ ಯುದ್ಧವಾದರೆ ಅಡ್ಡಿಯಿಲ್ಲ, ಗಾಯಗೊಂಡವರು ಇನ್ನೂ ಬದುಕಿರುವ ಯುದ್ಧವನ್ನು ಆಡಲಾರೆ ಎನ್ನುವವರಿದ್ದಾರೆ. ನಾಜಿ ಪಡೆಗಳ ಬೊಂಬೆಗೆ ಬಣ್ಣ ಬಳಿಯಲು ಒಪ್ಪದವರಿದ್ದಾರೆ. ಆಡಿದರೆ ತಪ್ಪಿಲ್ಲ, ಮರೆತರೆ ತಪ್ಪು ಎನ್ನುವವರೂ ಇದ್ದಾರೆ. 2019ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 22,000ಕ್ಕೂ ಹೆಚ್ಚು ಬೊಂಬೆಗಳನ್ನಿಟ್ಟು ವಾಟರ್ಲೂ ಕಾಳಗವನ್ನು ಎರಡು ದಿನ ಮತ್ತೆ ಆಡಿದಾಗ, ಅದರ ಉದ್ದೇಶ ವಾಟರ್ಲೂವಿನ ನೆಲದಲ್ಲಿ ಉತ್ಖನನ ನಡೆಸುತ್ತ ಮಾಜಿ ಸೈನಿಕರ ಚೇತರಿಕೆಗೆ ನೆರವಾಗುವ ಸಂಸ್ಥೆಯೊಂದಕ್ಕೆ ಹಣ ಕೂಡಿಸುವುದಾಗಿತ್ತು.

ಯಾವ ನಿಯಮಾವಳಿಯಲ್ಲೂ ನೋವಿಗೆ ಅಂಕವಿಲ್ಲ. ಪ್ರವಾಹವನ್ನು ದಾಳ ಹೇಳುತ್ತದೆ, ಓಟವನ್ನು ಹೇಳುತ್ತದೆ, ತಪ್ಪಿದ ಗುರಿಯನ್ನೂ ಹೇಳುತ್ತದೆ. ಬಿದ್ದವನ ಮನೆಯಲ್ಲಿ ಮುಂದೆ ಏನಾಯಿತೆಂದು ಹೇಳುವುದಿಲ್ಲ. ಒಳ್ಳೆಯ ಆಟಗಾರರಿಗೆ ಇದು ಗೊತ್ತಿದೆ. ವೆಲ್ಸ್‌ಗೂ ಗೊತ್ತಿತ್ತು. ಅವನ ತಪ್ಪು ಒಂದೇ: ಈ ತಿಳಿವಳಿಕೆ ಬರಬೇಕಾದವರಿಗೂ ಬರುತ್ತದೆಂದು ನಂಬಿದ್ದು. ಆಟ ಯುದ್ಧವನ್ನು ನಿಲ್ಲಿಸಲಾರದು. ಆದರೆ ದಳಪತಿಗಳ ಜಾಣತನವನ್ನಷ್ಟೇ ಹೊಗಳುವ ಇತಿಹಾಸವನ್ನು ಓದಿ ಮೈಮರೆತವನಿಗೆ, ಗೆಲುವೆಂಬುದು ಎಷ್ಟು ಕುರುಡು, ಎಷ್ಟು ಆಕಸ್ಮಿಕ ಎಂಬುದನ್ನು ಅದು ತೋರಿಸಬಲ್ಲದು.

ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೈಲಿಯ ಸ್ಮಾರಕವಿದೆ. 1816ರಲ್ಲಿ ಅವನ ಸೋದರಳಿಯ ಕಟ್ಟಿಸಿದ್ದು. ದರಿಯಾ ದೌಲತ್‌ನಲ್ಲಿ ಹೈದರ, ಟಿಪ್ಪುವಿನ ಮೆರವಣಿಗೆಯ ಚಿತ್ರವಿದೆ. ಪೊಲ್ಲಿಲೂರಿನಲ್ಲಿ ಎರಡೂ ಕಡೆ ಬಿದ್ದ ಸಿಪಾಯಿಗಳಲ್ಲಿ ಬಹುಪಾಲು ಜನ ದಕ್ಷಿಣ ಭಾರತದ ಹಳ್ಳಿಗಳವರು. ಅವರಿಗೆ ಸ್ಮಾರಕವೂ ಇಲ್ಲ, ಚಿತ್ರದಲ್ಲಿ ಹೆಸರೂ ಇಲ್ಲ. ಮೇಜಿನ ಮೇಲೆ ಅಂಥ ಐವತ್ತು ಜನರಿಗೆ ಒಂದು ಬೊಂಬೆ.